ಎರಡನೆಯ ಗುಂಡಿ

ಅಚ್ಚುಮೊಳೆಯಲ್ಲಿ ಎಲ್ಲವೂ ತಲೆಕೆಳಗು.
ಬೈಕುಲಾದ ಆ ಪ್ರೆಸ್ಸಿನಲ್ಲಿ, ಟ್ರೆಡಲ್ಲಿನ ಪಕ್ಕ,
ನಲವತ್ತು ವರ್ಷ ನಾನು ಓದಿದ್ದು
ಕನ್ನಡಿಯೊಳಗಿನ ಕನ್ನಡ.

ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು,
ಸಂಘದ ವಾರ್ಷಿಕ ವರದಿ, ಶ್ರದ್ಧಾಂಜಲಿ,
ಶನಿವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ.
ಅದರ ಮೂರನೇ ಪುಟದ ಕೆಳಮೂಲೆಯಲ್ಲಿ
ಎಪ್ಪತ್ತೆರಡನೇ ಇಸವಿ, ಜೂನ್ ಮೊದಲ ವಾರ:
'ಕಾಣೆಯಾಗಿದ್ದಾರೆ.'

ಚೀಟಿ ತಂದವಳು ಜಲಜಾಕ್ಷಿ, ಐತಪ್ಪನ ತಂಗಿ.
ಅಂಗಿಗೆ ಗುಂಡಿ ಹಾಕುವ ಕೆಲಸ, ಡಜನ್ನಿಗೆ ಮೂರು ಪೈಸೆ.
'ವಯಸ್ಸು ಮೂವತ್ತೊಂದು. ಗೋದಿ ಬಣ್ಣ.
ಎಡಹುಬ್ಬಿನ ಮೇಲೆ ಹೊಲಿಗೆಯ ಗುರುತು.
ಮನೆ ಬಿಡುವಾಗ ನೀಲಿ ಗೀರಿನ ಅಂಗಿ ತೊಟ್ಟಿದ್ದರು.'
ಅಷ್ಟೇ ಇತ್ತು ಚೀಟಿಯಲ್ಲಿ.

ಬೆರಳಿಗೆ ಯಾರು ಹೇಳಿದರೋ,
ಸಾಲು ಮುಗಿದ ಮೇಲೂ ಪೆಟ್ಟಿಗೆಗೆ ಹೋಯಿತು.
ಒಂದೊಂದೇ ಅಕ್ಷರ, ತಣ್ಣನೆಯ ಸೀಸ,
ಸ್ಟಿಕ್ಕಿನಲ್ಲಿ ಬಂದು ನಿಂತವು:
'ಅಂಗಿಯ ಎರಡನೆಯ ಗುಂಡಿ ಇಲ್ಲ.'
ಪ್ರೂಫ್ ನೋಡಿದವನೂ ನಾನೇ. ತಪ್ಪು ಕಾಣಲಿಲ್ಲ.

ಇರಲಿಲ್ಲ, ಹೌದು. ಅದು ನನ್ನಲ್ಲಿತ್ತು.
ಶಿವಡಿಯ ಧಕ್ಕೆ, ನೀರು ಇಳಿದ ಹೊತ್ತು.
ಫಂಡಿನ ಸಾವಿರದ ಇನ್ನೂರು ಎಲ್ಲಿ, ಅಂದ.
ನಾಳೆ ಎಲ್ಲರಿಗೂ ಹೇಳುತ್ತೇನೆ, ಅಂದ.
ಎದೆಯ ಅಂಗಿ ಹಿಡಿದ ಕೈ
ದೂಡಿತೋ, ಬೀಳುವವನನ್ನು ಹಿಡಿಯಹೋಯಿತೋ
ಎಂದು ಮೊದಮೊದಲು ವಾದ ಹೂಡುತ್ತಿದ್ದೆ ನನ್ನೊಡನೆ.
ದೂಡಿತು.
ಕೆಳಗೆ ಕಲ್ಲು, ಕಲ್ಲಿನಾಚೆ ಕೆಸರು.
ಆ ಕೆಸರು ನುಂಗಿದ್ದನ್ನು ಕಾರುವುದಿಲ್ಲ.
ಮುಷ್ಟಿಯಲ್ಲಿ ಉಳಿದದ್ದು ನಾಲ್ಕು ತೂತಿನ ಚಿಪ್ಪಿನ ಗುಂಡಿ.

ಅದನ್ನು ಙ ಮನೆಯಲ್ಲಿಟ್ಟೆ.
ಮೊಳೆಪೆಟ್ಟಿಗೆಯಲ್ಲಿ ಯಾರೂ ಕೈಹಾಕದ ಮನೆ;
ಙ ಬೇಕಾಗುವ ಮಾತು
ಯಾರೂ ಆಡುವುದಿಲ್ಲ.

ಮರುವರ್ಷ ಜೂನಿನಲ್ಲಿ ಮತ್ತೆ ಬಂದಳು.
ಈ ಸಲ ಚೀಟಿಯಿಲ್ಲ, ಕತ್ತರಿಸಿಟ್ಟ ಹಳೆಯ ತುಂಡು.
'ಇದರಂತೆಯೇ ಹಾಕಿ. ಒಂದಕ್ಷರ ಬಿಡಬೇಡಿ.'
ಹಣ ಎಣಿಸಿಟ್ಟು ಹೋದಳು.
ಅದರ ಮರುವರ್ಷವೂ. ಅದರ ಮರುವರ್ಷವೂ.
ಗಿರಣಿಗಳ ಸಂಪು ಬಂತು, ಮುಗಿಯಿತೆಂದರು,
ಗಿರಣಿಗಳೇ ಮುಗಿದವು; ಐತಪ್ಪ ಮಾತ್ರ
ಮೂವತ್ತೊಂದರಲ್ಲೇ ಉಳಿದ.
ಆ ಕೊನೆಯ ಸಾಲು ಜೋಡಿಸುವಾಗ
ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದುದು
ಮುಖವನ್ನಲ್ಲ, ಬೆರಳನ್ನು.

ಕಂಪ್ಯೂಟರ್ ಬಂತು. ಪ್ರೆಸ್ ಮುಚ್ಚಿತು.
ಭಂಗಾರದವನು ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಿದ.
ದೇವರ ಹೆಸರು, ಬಾರ್‌ನ ಮೆನು, ಸತ್ತವರ ಇಸವಿ
ಎಲ್ಲ ಒಂದೇ ಗೋಣಿಗೆ.
ಙ ಮನೆಯನ್ನು ನಾನೇ ಖಾಲಿಮಾಡಿದೆ.

ಶಿವಡಿಯಲ್ಲಿ, ಹಳಿಯಾಚೆ, ಅವಳ ಚಾಳು.
ಗ್ಯಾಲರಿಯಿಂದ ಕೆಸರು ಕಾಣುತ್ತದೆ;
ಚಳಿಗಾಲಕ್ಕೆ ಇಳಿದ ಗುಲಾಬಿ ಹಕ್ಕಿಗಳು
ತಲೆ ಕೆಳಗುಮಾಡಿ, ಕೊಕ್ಕದ್ದಿ,
ಏನನ್ನೋ ಹುಡುಕುತ್ತಿದ್ದವು, ಸಾವಿರಾರು.
ನಾನು ಅಂಗೈ ತೆರೆದೆ.
ಅವಳು ಕನ್ನಡಕ ಹಾಕಿಕೊಳ್ಳಲಿಲ್ಲ, ಮುಟ್ಟಿ ನೋಡಿದಳು.

'ಆ ಬೆಳಿಗ್ಗೆ ಐದೂ ಗುಂಡಿ ನಾನೇ ಬಿಗಿದಿದ್ದೆ.
ಡಬಲ್ ದಾರ. ತಾನಾಗಿ ಬೀಳುವಂಥದ್ದಲ್ಲ.
ಪೇಪರು ಹವಾಲ್ದಾರನಿಗೆ ತೋರಿಸಿದೆ.
ಕನ್ನಡ ಓದಲು ಬರುವುದಿಲ್ಲವೆಂದು ನಕ್ಕ.'
ರೈಲೊಂದು ಪೂರ್ತಿ ಹಾದುಹೋಗುವವರೆಗೂ ಸುಮ್ಮನಿದ್ದಳು.
'ನಿಮಗೆ ಬರುತ್ತಿತ್ತಲ್ಲ.'

ಹಾಲಿನ ಲೆಕ್ಕದ ಪುಸ್ತಕ ತೆಗೆದಳು, ಬಾಲ್‌ಪೆನ್ನು.
'ಹೇಳಿ. ಬರೆದುಕೊಳ್ಳುತ್ತೇನೆ.'
ಹೇಳಿದೆ. ಧಕ್ಕೆ. ಇಳಿದ ನೀರು. ಸಾವಿರದ ಇನ್ನೂರು.
ಸಾಲು ಸಾಲಿನ ಮೇಲೆ ಹತ್ತಿ, ಇಳಿದು,
ಕನ್ನಡಕದೊಳಗಿಂದ ಅವಳ ಅಕ್ಷರ ನಡೆಯಿತು,
ಒಂದು ಕಡೆ ನಿಂತಿತು.
'ಕೊಲೆ. ಯಾವ ಲ?'

ಲ ಎಲ್ಲಿ, ಳ ಎಲ್ಲಿ,
ಕಣ್ಣು ಮುಚ್ಚಿ ತೆಗೆಯಬಲ್ಲವನು ನಾನು.
ಒಂದರಲ್ಲಿ ನನ್ನ ಕೈ. ಇನ್ನೊಂದರಲ್ಲಿ
ಇಪ್ಪತ್ತಾರು ಮಳೆಗಾಲ, ಕೆಸರಿನೊಳಗೆ, ಅವನು.
ನಾಲಗೆ ಹೊರಳಲಿಲ್ಲ.
ಪೆನ್ನಿನ ತುದಿ ಕಾಗದದಿಂದ ಎತ್ತದೆ
ಅವಳು ಕಾಯುತ್ತಿದ್ದಳು.
ಅಭ್ಯಾಸವಿತ್ತು.