ಕೈ ಕೊಡುವುದು

ಮೊದಲು ದೀಪ ಬೆಳ್ಳಗಾಗುತ್ತದೆ,
ಬೇಕಾದ್ದಕ್ಕಿಂತ ಬೆಳ್ಳಗೆ.
ಹೊಸಬರಾದರೆ ಖುಷಿಪಟ್ಟಾರು.
ನಾವು ಏಳು ಜನ ಗೇರ್ ಇಳಿಸಿ
ಮೂಗರಳಿಸುತ್ತೇವೆ:
ಸೀಟಿನಡಿಯಿಂದ ಹುಳಿ ವಾಸನೆ,
ಬ್ಯಾಟರಿ ಕುದಿಯುತ್ತಿದೆ.

ಅಂಗೈಯಗಲದ ರೆಗ್ಯುಲೇಟರ್.
ಉಕ್ಕುವ ಕರೆಂಟಿಗೆ ಇಷ್ಟು ಸಾಕು ಅನ್ನುವುದು,
ಅಷ್ಟೇ ಅದರ ಕೆಲಸ.
ಅಂದೂ ಅಂದೂ ತಾನೇ ಸುಟ್ಟುಹೋಗುತ್ತದೆ
ನಾಲ್ಕು ಸಾವಿರ ಕಿಲೋಮೀಟರಿಗೊಮ್ಮೆ, ಒಮ್ಮೊಮ್ಮೆ ಮೂರಕ್ಕೇ.
ಕಂಪನಿಗೆ ಬರೆದೆವು.
ಅದೇ ಸಾಮಾನು ಹೊಸ ನಂಬರು ಹೊತ್ತು ಬಂತು.

ಉಣ್ಣೆ ಸಹಕಾರ ಸಂಘ ಕಂತಿನಲ್ಲಿ ಕೊಟ್ಟ ಕೆಂಪು ಬೈಕುಗಳು ಇವು.
ಬಣ್ಣ ಹೋಯಿತು, ಕಂತು ಹೋಗಿಲ್ಲ.
ಮೇಷ್ಟ್ರು ರೊಸೆಂದೊ ತನ್ನದನ್ನು ಕಿತ್ತು
ಹೆಡ್‌ಲೈಟಿನ ಕೆಳಗೆ ಕಟ್ಟಿದ್ದಾರೆ,
ಪತಗೋನಿಯಾದ ಗಾಳಿ ಪುಕ್ಕಟೆ ತಾನೆ, ತಣಿಸಲಿ ಎಂದು.
ಉಣ್ಣೆ ಕತ್ತರಿಸುವ ಪೈನೆಮಾಲ್ ಬಾಣಲೆಯ ತಳ ಕೊಯ್ದು
ಅದರ ಬೆನ್ನಿಗೆ ಬೋಲ್ಟು ಹಾಕಿದ.
ಐದು ಸಾವಿರ ದಾಟಿತು, ಆರು ದಾಟಲಿಲ್ಲ.
ಅವನ ಹೆಂಡತಿ ಇನ್ನೂ ಬಾಣಲೆ ಕೇಳುತ್ತಿದ್ದಾಳೆ.

ನಾನು ಏನೂ ಮಾಡಲಿಲ್ಲ. ನರ್ಸು ನಾನು,
ಎರ್ಸಿಲಿಯಾ; ಬೈಕಿನ ನಾಡಿ ಹಿಡಿಯಬಲ್ಲೆ, ಅಷ್ಟೇ.
ಮಂಗಳವಾರ ಹಿಂದಿನ ಸೀಟಿಗೆ ಕಟ್ಟಿದ ಐಸ್ ಡಬ್ಬಿಯಲ್ಲಿ
ಗಾಸ್ತ್ರೆಯ ಹನ್ನೊಂದು ಮಕ್ಕಳ ದಡಾರದ ಲಸಿಕೆ.
ಮಧ್ಯಾಹ್ನ ಎರಡಕ್ಕೆ, ಉಪ್ಪುಕೆರೆಯ ತಿರುವಿನಲ್ಲಿ,
ಬೈಕು ಕೈ ಕೊಟ್ಟಿತು.

ಕೆಟ್ಟು ಪಟ್ಟಣ ಸೇರು ಅಂದರಂತೆ ಹಿರಿಯರು.
ಪಟ್ಟಣ ಅರವತ್ತು ಕಿಲೋಮೀಟರು.
ಎದುರುಗಾಳಿ. ದೂರದಲ್ಲಿ ಗ್ವಾನಾಕೊ ಹಿಂಡು
ಕತ್ತೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಗ್ಗಿತು,
ಇವಳು ಹೋದ ಚಳಿಗಾಲವೂ ಇಲ್ಲೇ ನಿಂತಿದ್ದಳು ಅನ್ನುವಂತೆ.
ನಿಂತಿದ್ದೆ.

ನಾಲ್ಕು ಕಿಲೋಮೀಟರು ತಳ್ಳಿದೆ.
ಕೆಂಪು ಬಾವುಟಗಳ ಗುಡಿ,
ಗುಡಿಯೇನು, ಮೊಣಕಾಲೆತ್ತರದ ಗೂಡು;
ಒಳಗೆ ಚರ್ಚು ಒಪ್ಪದ ಸಂತ.
ಅವನ ಮುಂದೆ ಮೇಣದಬತ್ತಿ, ಅರ್ಧ ಬಾಟಲಿ ವೈನು,
ಒಂದು ಮಗುವಿನ ಬೂಟು,
ಮತ್ತು ನಮ್ಮ ಸುಟ್ಟ ರೆಗ್ಯುಲೇಟರುಗಳು, ಹದಿನೇಳು.
ಕಂಪನಿಯ ಹೆಸರು ಇಷ್ಟು ಹೊತ್ತಿಗೆ
ಅವನಿಗೂ ಬಾಯಿಪಾಠವಾಗಿರಬೇಕು.

ಗೂಡಿನ ಹಿಂದೆ ಬಿಸ್ಕತ್ತಿನ ತಗಡಿನ ಪೆಟ್ಟಿಗೆ.
ತೆಗೆದುಕೊಂಡವರು ತಿಂಗಳೊಳಗೆ ತಂದಿಡುವುದು,
ಬೀಗವಿಲ್ಲ, ಕಲ್ಲೊಂದು ಮುಚ್ಚಳದ ಮೇಲೆ.
ಇದ್ದದ್ದು ಒಂದೇ. ಅದಕ್ಕೊಂದು ಚೀಟಿ:
"ಇದು ಹಳೆಯದು. ನಲವತ್ತು ಕಿಲೋಮೀಟರಿಗೆ ಕಾಯುತ್ತದೆ.
ಬೈಯಬೇಡ. ಇಳಿದು ಒಂದಿಷ್ಟು ಯೆರ್ಬಾ ಕಷಾಯ ಕುಡಿ.
ಆರಿದರೆ ಮತ್ತೆ ನಡೆಯುತ್ತದೆ, ನನ್ನ ಹಾಗೆ. ಅನ್ಸೆಲ್ಮೊ."

ಅನ್ಸೆಲ್ಮೊ ಕಾತ್ರಿಲಾಫ್, ಬೇಲಿ ರಿಪೇರಿಯವನು,
ಎಂಟು ವರ್ಷದಲ್ಲಿ ನನ್ನೊಡನೆ ಆಡಿದ ಮಾತು
ಈ ಚೀಟಿಯಷ್ಟಿಲ್ಲ.

ಎರಡು ಬೋಲ್ಟು, ಒಂದು ಸಾಕೆಟ್ಟು. ಬೆರಳು ಮರಗಟ್ಟಿತ್ತು.
ಬ್ಯಾಟರಿ ಸುಧಾರಿಸಿಕೊಳ್ಳಲೆಂದು ಒಂದು ಗಂಟೆ
ಸಂತನ ಪಕ್ಕ ಕೂತೆ, ಐಸ್ ಡಬ್ಬಿಗೆ ನನ್ನ ಕೋಟು ಹೊದಿಸಿ.
ಬೈಕನ್ನು ಬಂದ ದಾರಿಗೇ ತಿರುಗಿಸಿದೆ:
ಈಗ ಗಾಳಿ ಬೆನ್ನಿಗೆ.
ನಾನು ತಳ್ಳಿದೆ, ಗಾಳಿ ನನ್ನನ್ನು ತಳ್ಳಿತು,
ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ
ಒಂದು ಕೆಮ್ಮು, ಇನ್ನೊಂದು,
ಆಮೇಲೆ ಉಸಿರು.

ಸುಟ್ಟದ್ದನ್ನು ಸಂತನ ಮುಂದಿಟ್ಟೆ. ಹದಿನೆಂಟು.
ಪೆಟ್ಟಿಗೆಯಲ್ಲಿ ನನ್ನ ಹೆಸರಿನ ಚೀಟಿ.

ಹನ್ನೊಂದೂ ಮಕ್ಕಳು ಅತ್ತವು, ಚೆನ್ನಾಗಿ.

ವಾಪಸು ಬರುವಾಗ ಕತ್ತಲು.
ಉಪ್ಪುಕೆರೆಯ ಆಚೆ ದಡದಲ್ಲಿ ಒಂದು ದೀಪ
ನನ್ನ ಕಡೆಗೇ ಬರುತ್ತಿತ್ತು.
ಬೆಳ್ಳಗೆ.
ಬೇಕಾದ್ದಕ್ಕಿಂತ ಬೆಳ್ಳಗೆ.
ಆ ಕೂರುವ ಭಂಗಿ, ಹೆಗಲಿಗೆ ಸುತ್ತಿದ ತಂತಿಯ ಸುರುಳಿ,
ಯಾರೆಂದು ಗೊತ್ತಾಯಿತು.
ಪೆಟ್ಟಿಗೆ ಖಾಲಿಯೆಂದು ನನಗೊಬ್ಬಳಿಗೇ ಗೊತ್ತು.

ರಸ್ತೆಯ ಅಂಚಿಗೆ ಸರಿದೆ.
ಕೈ ಎತ್ತಿ ನಿಂತೆ,
ಇಂಜಿನ್ ಆರಿಸದೆ.