ನಲವತ್ತೊಂದನೇ ಹಾಳೆ

ಒಟ್ಟು ಅರವತ್ತು ಜನ ಬೇಕಿತ್ತು ನನ್ನ ಪ್ರಬಂಧಕ್ಕೆ.
ಸುಟ್ಟಗಾಯದ ವಾರ್ಡು, ಮೂಳೆ ವಾರ್ಡು, ಹೆಂಗಸರ ಮೆಡಿಕಲ್ಲು,
ಡ್ಯೂಟಿ ಮುಗಿದ ಮೇಲೆ ರಟ್ಟಿಗೆ ಹಾಳೆ ಸಿಕ್ಕಿಸಿ ಹೊರಡುತ್ತಿದ್ದೆ,
ಹೊಸ್ತಿಲಲ್ಲೇ ನಿಂತು ಕೈಸಾಲ ಕೇಳುವವಳ ಹಾಗೆ.

ಹತ್ತು ಪ್ರಶ್ನೆ. ಒಂದೊಂದಕ್ಕೂ ನಾಲ್ಕು ಮನೆ:
ಎಂದೂ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ದಿನಾಲೂ.
ಮೊದಲು 'ಖಿನ್ನತೆ' ಎಂದು ಅಚ್ಚು ಹಾಕಿಸಿದ್ದೆ.
ಜಗಳೂರಿನ ಒಬ್ಬಾಕೆ ಕೇಳಿದಳು,
'ಅದು ಯಾವ ಗುಳಿಗಿ ಸಿಸ್ಟರ್, ಊಟಕ್ಕ ಮುಂಚೇನೋ ಆಮ್ಯಾಲೋ?'
ಹೊಡೆದುಹಾಕಿ ಬರೆದೆ: ಮನಸ್ಸಿಗೆ ಬೇಜಾರು.
ಅದನ್ನೂ ಹೊಡೆದು: ಜೀವಕ್ಕೆ ಬ್ಯಾಸರ.
ಐವರು ತಜ್ಞರು ಸಹಿ ಹಾಕಿದರು. ಅವರಲ್ಲೊಬ್ಬರು
'ಬ್ಯಾಸರ' ಗ್ರಾಂಥಿಕವಲ್ಲ ಎಂದು ಕೆಂಪು ಶಾಯಿಯಲ್ಲಿ.

ನಲವತ್ತೊಂದನೆಯವರು ದಸ್ತಗೀರ್ ಸಾಬರು.
ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೆರಡು ವರ್ಷ.
ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು.
ಒಪ್ಪಿಗೆ ಪತ್ರಕ್ಕೆ ಎಡ ಹೆಬ್ಬೆಟ್ಟು ಒತ್ತಿಸಿದೆ.
ನೀಲಿ ಮಚ್ಚೆಯೊಂದು ಬಿತ್ತು, ಗೆರೆಗಳೇ ಇಲ್ಲದ್ದು.
ಇನ್ನೊಮ್ಮೆ ಒತ್ತಿಸಿದೆ. ಅದೇ ಮಚ್ಚೆ.
'ರೇಷನ್ ಅಂಗಡಿ ಮಿಷನ್ನೂ ನನ್ನ ಗುರ್ತು ಹಿಡಿಯಂಗಿಲ್ಲ ಬಿಡವ್ವ,
ಗೆರಿ ಎಲ್ಲಾ ಉಸುಕು ತಿಂದು ಹೋತು' ಅಂದರು, ನಗುತ್ತಲೇ.

ನಿದ್ದೆ ಹೇಗಿದೆ?
'ಭಟ್ಟಿ ಹಚ್ಚೋದು ರಾತ್ರಿ ಎರಡಕ್ಕ. ಯಾವ ನಿದ್ದಿ ಕೇಳ್ತೀಯ,
ಹಗಲಿಂದೋ?'
ಅರ್ಧಕ್ಕಿಂತ ಹೆಚ್ಚು ದಿನ, ಎಂದು ಗುರುತು ಹಾಕಿದೆ.
ಇಪ್ಪತ್ತು ಸಲ ಓದಿ ಸವೆಸಿದ ದನಿಯಲ್ಲಿ
ಮುಂದಿನದು: ಜೀವಕ್ಕೆ ಬ್ಯಾಸರ ಆಗಿದೆಯೆ?
ಫ್ಯಾನು ನೋಡಿದರು. ಫ್ಯಾನು ತಿರುಗುತ್ತಿರಲಿಲ್ಲ.
'ಉಸುಕು ಕಾದೈತೋ ಇಲ್ಲೋ ಅಂತ ನಾವು
ಕೈ ಇಟ್ಟು ನೋಡಂಗಿಲ್ಲ. ನಾಕು ಕಾಳು ಎಸೀತೀವಿ.
ಅರಳಿದ್ರ ಸರಿ.
ನೀನೂ ಹಂಗ ಎಸದು ನೋಡಾಕತ್ತೀಯ.'

ಆಮೇಲೆ, ಬಹಳ ಹೊತ್ತಿನ ಮೇಲೆ,
'ಅವತ್ತು ಕೈ ಜಾರಿದ್ದಲ್ಲ.'

ಕೇಸ್ ಶೀಟಿನಲ್ಲಿ ಜಾರಿದ್ದೆಂದೇ ಇತ್ತು.
ಪೆನ್ನು ಮುಚ್ಚಿದೆ. ಸ್ಟೂಲು ಎಳೆದುಕೊಂಡೆ.
ನಲವತ್ತು ಜನರ ಮುಂದೆ ನಿಂತೇ ಇದ್ದೆ
ಎನ್ನುವುದು ಕುಳಿತ ಮೇಲೆ ತಿಳಿಯಿತು.

ಹಲೀಮಾಬಿ ಗಂಜಿ ತರುವವರೆಗೆ ಅವರು ಹೇಳಿದ್ದನ್ನು
ಇಲ್ಲಿ ಬರೆಯುವುದಿಲ್ಲ.
ಅದಕ್ಕೆ ಅವರು ಹೆಬ್ಬೆಟ್ಟು ಒತ್ತಿರಲಿಲ್ಲ.
ಡಾಕ್ಟರಿಗೆ ಹೇಳುತ್ತೇನೆ ಎಂದು ಮೊದಲು ಅವರಿಗೇ ಹೇಳಿದೆ,
ಆಮೇಲೆ ಡಾಕ್ಟರಿಗೆ.
ಆ ರಾತ್ರಿ ನನ್ನದಲ್ಲದ ಪಾಳಿ. ಇದ್ದೆ.

'ಎಂಟು ಪ್ರಶ್ನೆ ಖಾಲಿ. ಅಪೂರ್ಣ. ತೆಗೆದುಬಿಡು' ಅಂದರು
ಗೈಡ್ ಸುಗುಣಾ ಮೇಡಂ. ನಿಯಮ ಇರುವುದು ಹಾಗೆ,
ಮೂರನೇ ಅಧ್ಯಾಯದಲ್ಲಿ ನಾನೇ ಟೈಪಿಸಿದ್ದು.
ಹೊಸ ನಲವತ್ತೊಂದು ಹರಿಹರದ ಟೈಲರ್,
ಹತ್ತಕ್ಕೂ 'ಎಂದೂ ಇಲ್ಲ', ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.
ಸರಾಸರಿ ಚೂರು ಇಳಿಯಿತು. ಫಲಿತಾಂಶ ಒಳ್ಳೆಯದೇ ಬಂತು.

ಈಗ ಮೊದಲ ವರ್ಷದವರಿಗೆ ಪಾಠ ಹೇಳುತ್ತೇನೆ.
ಕೇಳುವ ಮುಂಚೆ ಕುಳಿತುಕೊಳ್ಳಿ, ಅಂದೆ.
'ಎಷ್ಟು ಮಾರ್ಕಿಗೆ ಮೇಡಂ?' ಎಂದಳು ಮುಂದಿನ ಬೆಂಚಿನವಳು.
ಹಿಂದಿನ ಬೆಂಚಿನ ರುದ್ರಾಂಬ, ಮೆಲ್ಲಗೆ:
'ಹಾಸಿಗೆ ಮೇಲೆ ಕೂರಬಾರದು ಅಂತ ನೀವೇ ಹೇಳಿದ್ರಿ.
ವಾರ್ಡಿಗೆ ಇರೋದು ಎರಡೇ ಸ್ಟೂಲು.'

ಸ್ಟೋರಿಗೆ ಇಂಡೆಂಟು ಹಾಕಿದೆ, ಆರು ಸ್ಟೂಲು.
ಕಾರಣ ಎಂಬ ಮನೆಯಲ್ಲಿ ಏನು ಬರೆಯಲಿ, ತೋಚದೆ
ಹಾಗೇ ಬಿಟ್ಟಿದ್ದೆ.
ನಿನ್ನೆ ವಾಪಸು ಬಂತು. ಕೆಂಪು ಶಾಯಿಯಲ್ಲಿ:
ಅಪೂರ್ಣ.