ಅಂದಾಜು ಪಟ್ಟಿ

ಮಿಸ್ಟರ್ ಥೋರ್ಸನ್, ನೀವು ಮನೆಯಲ್ಲಿರಲಿಲ್ಲ.
ಫೋನಿನಲ್ಲಿ ಹೇಳಿದಂತೆ ಗ್ಯಾರೇಜಿನ ಮಗ್ಗುಲಿಂದ ಒಳಬಂದು
ಅಂಗಳ ಸುತ್ತಿ ನೋಡಿದೆ. ಅಂದಾಜು ಬರೆದು
ಬಾಗಿಲ ಜಾಲರಿಗೆ ಸಿಕ್ಕಿಸಿ ಹೋಗುತ್ತಿದ್ದೇನೆ.
ಕನ್ನಡಕ ಹಾಕಿಕೊಂಡು ಓದಿ,
ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು.

ಮೊದಲು ರೋಗ.
ಹೋದ ವರ್ಷದ ಕಂಪನಿಯವರು
ಹುಲ್ಲಿನ ತಲೆ ಬೋಳಿಸಿದ್ದಾರೆ.
ಅವರ ಬಿಲ್ಲಿನ ಮೊತ್ತ ಕೇಳಿದ ಮೇಲೆ ತಿಳಿಯಿತು,
ನಿಮ್ಮದನ್ನೂ.
ಮೂರು ಇಂಚಿಗಿಂತ ಗಿಡ್ಡ ಕತ್ತರಿಸಿದರೆ
ಬೇರು ಆಳಕ್ಕಿಳಿಯಲು ಹೆದರುತ್ತದೆ,
ಜುಲೈ ಬಿಸಿಲಿಗೆ ನಾಲಿಗೆ ಚಾಚುತ್ತದೆ.
ಬ್ಲೇಡೂ ಮೊಂಡು. ತುದಿಗಳನ್ನು ಬಗ್ಗಿ ನೋಡಿ:
ಕೊಯ್ದದ್ದಲ್ಲ, ಹರಿದದ್ದು,
ಹಳೆ ಟವೆಲಿನ ಅಂಚಿನಂತೆ ಬಿಳಿಚಿಕೊಂಡಿವೆ.

ರಸ್ತೆ ಬದಿಯ ಎರಡಡಿ ಪೂರ್ತಿ ಸತ್ತಿದೆ.
ಹಿಮ ತಳ್ಳುವ ಲಾರಿ ಎರಚಿದ ಉಪ್ಪು;
ಯಾರನ್ನೂ ಬೈಯಬೇಡಿ, ಡುಲೂತಿನಲ್ಲಿ ಎಲ್ಲರ ಅಂಗಳದ್ದೂ ಇದೇ ಪಾಡು.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು.
ಬೆಳಿಗ್ಗೆ ಪೈಪು ಹಚ್ಚಿ, ಒಂದು ವಾರ, ಧಾರಾಳವಾಗಿ.

ಮೇಪಲ್ ಮರದ ಹತ್ತಿರ ಒಂದಡಿ ಚೌಕ ಕೊಯ್ದು
ಕಂಬಳಿಯಂತೆ ಮಗುಚಿ ನೋಡಿದೆ.
ಬಿಳಿ ಹುಳು ಮೂರೇ ಮೂರು, ಸುರುಟಿ ಮಲಗಿದ್ದವು.
ಮೂರಕ್ಕೆ ಔಷಧಿ ಯಾಕೆ? ಮತ್ತೆ ಹೊದಿಸಿ ತುಳಿದಿದ್ದೇನೆ.

ಕೆಂಪು ಜೇಡಿ. ಸ್ಕ್ರೂಡ್ರೈವರ್ ಚುಚ್ಚಿದರೆ
ಹೆಬ್ಬೆರಳಿನಷ್ಟೂ ಇಳಿಯಲಿಲ್ಲ.
ಸೆಪ್ಟೆಂಬರಿನಲ್ಲಿ ಮೆಷಿನ್ ತಂದು ತೂತು ಹೊಡೆಯುತ್ತೇನೆ.
ಮಣ್ಣಿನ ಬಿರಡೆಗಳು ಅಂಗಳವಿಡೀ ಬೀಳುತ್ತವೆ,
ಹತ್ತು ನಾಯಿ ಬಂದು ಹೋದಂತೆ.
ಗುಡಿಸಬೇಡಿ. ಎರಡು ಮಳೆಗೆ ತಾವೇ ಕರಗುತ್ತವೆ.

ಇನ್ನು, ನೀವು ಫೋನಿನಲ್ಲಿ ಮೂರು ಸಲ ಹೇಳಿದ ಡ್ಯಾಂಡೆಲಿಯನ್.
ನಲವತ್ತು ಡಾಲರಿಗೆ ಔಷಧಿ ಹೊಡೆಯುತ್ತೇನೆ. ಸಾಯುತ್ತವೆ.
ಆದರೆ ಬೇಲಿಯಾಚೆ ಆರ್ಲೋ ಮ್ಯಾಕಿನನ್ ಅವರ ಹಿತ್ತಲೆಲ್ಲ ಹಳದಿ,
ಜೇನಿಗೆಂದು ಬಿಟ್ಟಿದ್ದಾರಂತೆ.
ಸರೋವರದ ಗಾಳಿ ಬೀಸುವುದು ಅಲ್ಲಿಂದ ಇಲ್ಲಿಗೆ.
ಗಾಳಿಗೆ ಹೊಡೆಯುವ ಔಷಧಿ ನನ್ನ ವ್ಯಾನಿನಲ್ಲಿಲ್ಲ.

ನಿಮ್ಮ ಅಡುಗೆಮನೆ ಬಾಗಿಲಿಂದ
ಬೇಲಿಯ ಚಿಕ್ಕ ಗೇಟಿನವರೆಗೆ
ಓರೆಯಾಗಿ ಒಂದು ಪಟ್ಟೆ ಕಂಡಿತು.
ಮೆಷಿನ್ ಮಾಡಿದ್ದಲ್ಲ. ಒಂದು ಜೊತೆ ಕಾಲು, ಬಹಳ ವರ್ಷ.
ಮಣ್ಣು ಸಿಮೆಂಟಿನಷ್ಟು ಗಟ್ಟಿ.
ಹಾಗಿದ್ದೂ ನಡುನಡುವೆ ಎಳೆ ಹುಲ್ಲು,
ಸೂಜಿಯ ಹಾಗೆ, ಈ ವಸಂತದ್ದು.
ಅಂದರೆ ಹೋದ ಬೇಸಿಗೆಯಿಂದ ಯಾರೂ ತುಳಿದಿಲ್ಲ.
ಹುಲ್ಲಿಗೆ ಸುಳ್ಳು ಬರುವುದಿಲ್ಲ,
ದಾಕ್ಷಿಣ್ಯವೂ.

ಪಟ್ಟೆ ಅಗೆದು, ಸಡಿಲಿಸಿ, ಬೀಜ ಹಾಕಲು
ಅರವತ್ತೈದು ಡಾಲರು
ಎಂದು ಬರೆದು ಗೀಟು ಎಳೆದಿದ್ದೇನೆ. ನಿಮಗೆ ಕಾಣುತ್ತದೆ.
ಬೇಕೆಂದರೆ ಮಾಡಿಕೊಡುತ್ತೇನೆ. ಜುಲೈ ಹೊತ್ತಿಗೆ
ಅಲ್ಲಿ ಯಾರೂ ನಡೆದೇ ಇರಲಿಲ್ಲ
ಅನ್ನುವ ಹಾಗೆ.

ಗುರುವಾರ ಆರ್ಲೋ ಅವರ ಪೊದೆ ಕತ್ತರಿಸುತ್ತಿದ್ದೆ.
ಕಾಫಿ ತಂದುಕೊಟ್ಟು, ಅತ್ತ ತಿರುಗಿ ಕೇಳಿದರು:
‘ಆಚೆಯವನ ಮಂಡಿ ಹೇಗಿದೆ?’
ನನಗೆ ಹುಲ್ಲಿನ ವಿಷಯವಷ್ಟೇ ಗೊತ್ತು ಎಂದೆ.

ಒಟ್ಟು, ತಿಂಗಳಿಗೆ ನೂರ ನಲವತ್ತು.
ಎತ್ತರ ಮೂರಿಂಚು. ಕತ್ತರಿಸಿದ್ದು ಅಲ್ಲೇ ಗೊಬ್ಬರ.
ಇದಕ್ಕಿಂತ ಕಡಿಮೆಗೆ ಮಾಡುವವರು ಸಿಗುತ್ತಾರೆ,
ಕಾಸಿಗೆ ತಕ್ಕ ಕಜ್ಜಾಯ.
ಚಿಕ್ಕ ಗೇಟಿನ ಕೀಲು ತುಕ್ಕು ಹಿಡಿದಿತ್ತು,
ಎರಡು ಹನಿ ಎಣ್ಣೆ ಬಿಟ್ಟೆ. ಅದು ಲೆಕ್ಕದಲ್ಲಿಲ್ಲ.

ಒಪ್ಪಿಗೆಯಾದರೆ ಮಂಗಳವಾರ ಎಂಟಕ್ಕೆ ಬರುತ್ತೇನೆ.
ನಾಯಿ ಕಟ್ಟಿ ಹಾಕಿ.

— ಐಲಾ ಪೆಲ್ಟೋನೆನ್